ಲ್ಯಾಂಪ್ ತಾತ ಕಲಿಸಿದ ಬ್ಯಾಟರಿ ಕೆಲಸ

ಕಳೆದ ವಾರ ಬಂಗಾರಪೇಟೆಯಲ್ಲಿ ಒಂದು ಮನೆಗೆ ಇನ್ವರ್ಟರ್ ರಿಪೇರಿಗೆ ಹೋಗಿದ್ದೆ. ಬ್ಯಾಟರಿ ಎಲ್ಲಿದೆ ಎಂದರೆ ಮನೆಯಾಕೆ ದೇವರ ಕೋಣೆಯ ಪಕ್ಕದ ಕಪಾಟು ತೋರಿಸಿದರು. ಬಂದವರ ಕಣ್ಣಿಗೆ ಬೀಳಬಾರದೆಂದು ಕೆತ್ತನೆಯ ಬಾಗಿಲು ಮಾಡಿಸಿ, ಗಾಳಿಯೂ ಆಡದ ಹಾಗೆ ಮುಚ್ಚಿಟ್ಟಿದ್ದರು. ಬಾಗಿಲು ಎಳೆದೆ. ಕೊಳೆತ ಮೊಟ್ಟೆಯ ವಾಸನೆ ಗಪ್ಪನೆ ಮುಖಕ್ಕೆ ರಾಚಿತು. ನೀರು ಬತ್ತಿ, ಒಳಗೊಳಗೇ ಕುದ್ದು, ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು ಬ್ಯಾಟರಿ. ವೈರು ಕಟ್ಟುವ ಮೊಳೆಗಳ ಸುತ್ತ ಹಸಿರು ಹಸಿರಾಗಿ ಬೂಷ್ಟು.

"ಎಲ್ಲೋ ಇಲಿ ಸತ್ತಿದೆ ಅಂದ್ಕೊಂಡು ಮೂರು ದಿನದಿಂದ ಊದುಬತ್ತಿ ಹಚ್ತಾ ಇದೀವಿ" ಎಂದರು ಆಕೆ.

ನಾನು ಹೊರಗೆ ಬಂದು ಚರಂಡಿಗೆ ಉಗುಳಿದೆ. ದಿನಾ ಬ್ಯಾಟರಿಯ ಜೊತೆಗೇ ಬದುಕುವವಳಿಗೆ ಆ ವಾಸನೆ ಹೊಸದಲ್ಲ. ಆದರೆ ಅಷ್ಟು ದಟ್ಟವಾಗಿ, ಮುಚ್ಚಿಟ್ಟ ಜಾಗದಿಂದ ಬಂದರೆ ಅದು ನನಗೆ ವಾಸನೆಯಾಗಿ ಬರುವುದಿಲ್ಲ, ಒಬ್ಬ ಮನುಷ್ಯನಾಗಿ ಬರುತ್ತದೆ. ಆ ಮನುಷ್ಯ ನೆನಪಾದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ. ಹೇಸಿಗೆ ಮಾತ್ರ ಆಗಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ...

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವಳು. ಅಪ್ಪನ ಮನೆಯಲ್ಲಿ ರಾಗಿ ಹೊಲ, ಎರಡು ಸೀಮೆ ಹಸು, ಬೆಳಗ್ಗೆ ಸಂಜೆ ಡೈರಿಗೆ ಹಾಲು. ಮದುವೆಯಾಗಿ ಬಂದದ್ದು ಊರಿಗಾಂನ ಲೈನ್ ಮನೆಗೆ. ಕಂಪನಿ ಕಾಲದಲ್ಲಿ ಚಿನ್ನದ ಗಣಿಯ ಕೂಲಿಗಳಿಗೆಂದು ಸಾಲಾಗಿ ಕಟ್ಟಿದ ಮನೆಗಳವು. ಒಂದು ಮನೆಯಲ್ಲಿ ಸೀನಿದರೆ ಮೂರನೇ ಮನೆಯಲ್ಲಿ "ನೂರು ವರ್ಷ" ಅನ್ನುತ್ತಿದ್ದರು. ಅತ್ತೆ ತೀರಿಕೊಂಡಿದ್ದರು. ಗಂಡ ಮಾರಿಕುಪ್ಪಂನಿಂದ ಹೊರಡುವ ಮೊದಲ ಟ್ರೈನು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಗಲೆಲ್ಲ ಮನೆಯಲ್ಲಿ ನಾನು ಮತ್ತು ಮಾವ.

ಮಾವ ಮೈಸೂರು ಮೈನ್ಸ್‌ನಲ್ಲಿ ಮೂವತ್ತು ವರ್ಷ ಗುಂಡಿಗೆ ಇಳಿದವರು. ಕಲ್ಲಿನ ದೂಳು ಎದೆಯಲ್ಲಿ ಕೂತಿತ್ತು. ಮೈನ್ಸ್ ಮುಚ್ಚಿ ಎಷ್ಟೋ ವರ್ಷವಾದರೂ ಒಳಗಿನ ದೂಳು ಮುಚ್ಚಲಿಲ್ಲ. ಕಡೆಗೆ ಡಾಕ್ಟರು, ಗಾಳಿಯಿಂದಲೇ ಆಕ್ಸಿಜನ್ ಸೋಸಿ ಕೊಡುವ ಒಂದು ಯಂತ್ರ ಬರೆದುಕೊಟ್ಟರು. ಮೂಗಿಗೆ ಸಣ್ಣ ಟ್ಯೂಬು ಹಾಕಿಕೊಂಡು ಹಗಲು ರಾತ್ರಿ ಅದರ ಪಕ್ಕದಲ್ಲೇ ಇರಬೇಕು. ಯಂತ್ರಕ್ಕೆ ಕರೆಂಟು ಬೇಕು. ನಮ್ಮ ಲೈನಿನಲ್ಲಿ ಕರೆಂಟು ಗಾಳಿ ಬಂದರೆ ಹೋಗುತ್ತಿತ್ತು, ಮಳೆ ಬಂದರೆ ಹೋಗುತ್ತಿತ್ತು, ಏನೂ ಬರದಿದ್ದರೂ ಹೋಗುತ್ತಿತ್ತು.

ಯಂತ್ರ ತಂದ ಎರಡನೇ ದಿನವೇ ಮಧ್ಯಾಹ್ನ ಕರೆಂಟು ಹೋಯಿತು. ಮಾವ ಎದ್ದು ಕೂತು, ಮಂಚದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ತೆರೆದು ಮುಚ್ಚಿ ಮಾಡತೊಡಗಿದರು. ನನಗೆ ದಿಕ್ಕು ತೋಚಲಿಲ್ಲ. ಮೊರ ತಗೊಂಡು ಬೀಸಿದೆ. ಮುಕ್ಕಾಲು ಗಂಟೆ ಬೀಸಿದೆ. ಕರೆಂಟು ಬಂದಾಗ ನನ್ನ ತೋಳು ಎತ್ತಲಾಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯವರು ಆಗ ಮಾತಾಡಿದರು. "ಮೊರದಾಗೆ ಬೀಸಿದ್ರೆ ಉಸುರು ಬತ್ತದೇನಮ್ಮಾಯಿ? ಬ್ಯಾಟ್ರಿ ಕಟ್ಟಾನ ಬಿಡು."

ಅವರೇ ಲ್ಯಾಂಪ್ ತಾತ. ಲೈನಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೇ. ಗುಂಡಿಗೆ ಇಳಿಯುವವರು ತಲೆಗೆ ಒಂದು ಲ್ಯಾಂಪು, ಸೊಂಟಕ್ಕೆ ಅದರ ಬ್ಯಾಟರಿ ಕಟ್ಟಿಕೊಂಡು ಹೋಗಬೇಕಿತ್ತು. ಪಾಳಿ ಮುಗಿಸಿ ಬಂದವರಿಂದ ಅವನ್ನು ಇಸಿದುಕೊಂಡು, ತೊಳೆದು, ನೀರು ತುಂಬಿ, ಚಾರ್ಜಿಗೆ ಹಾಕಿ, ಮಾರನೇ ದಿನ ಮತ್ತೆ ಕೈಗೆ ಕೊಡುವುದು ಲ್ಯಾಂಪ್ ರೂಮಿನವರ ಕೆಲಸ. ಆಯುಸ್ಸೆಲ್ಲ ಅವರು ಆ ರೂಮಿನಲ್ಲೇ ಕಳೆದಿದ್ದರು. "ಗುಂಡಿಗಿಳಿದೋನಿಗೆ ದೇವ್ರು ಎರಡ್ನೆಯೋನು ಕಣಮ್ಮಾಯಿ, ಮೊದಲ್ನೆಯೋನು ನಾನು" ಎಂದು ಹೇಳಿ ಕಡ್ಡಿಪುಡಿ ತುಂಬಿದ ಬಾಯಲ್ಲಿ ನಗುತ್ತಿದ್ದರು. ನಗುವಾಗ ತುಟಿಯ ಮೂಲೆಯಿಂದ ಕಂದು ನೀರು ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುತ್ತಿದ್ದದ್ದು ಅಂಗಿಯ ತೋಳಿಗೆ. ಆ ಅಂಗಿಯಲ್ಲಿ ಆಸಿಡ್ಡು ಸುಟ್ಟ ತೂತುಗಳು. ಮೈಗೆಲ್ಲ ಅದೇ ಕೊಳೆತ ಮೊಟ್ಟೆಯ ವಾಸನೆ.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಬ್ಯಾಟರಿಯ ಮುಚ್ಚಳ ತೆಗೆದು, ಬೆಂಕಿಕಡ್ಡಿಯನ್ನು ಒಳಗೆ ಅದ್ದಿ, ನಾಲಿಗೆಯ ತುದಿಗೆ ಮುಟ್ಟಿಸಿ ಥೂ ಎಂದು ಉಗಿದು, "ಇನ್ನೂ ಜೀವ ಐತೆ" ಎನ್ನುತ್ತಿದ್ದರು. ಮೊದಲ ಸಲ ನೋಡಿದಾಗ ಬಾಯಿಗೆ ಸೆರಗು ಒತ್ತಿಕೊಂಡೆ. "ನೀನು ಇಂಗೆ ಮಾಡ್ಬೇಡ, ನಾಲ್ಗೆ ಓಗ್ಬಿಡ್ತದೆ. ನನ್ದು ಆಗ್ಲೇ ಓಗೈತೆ" ಎಂದು ನಕ್ಕರು.

ಅಂಗಡಿಯವರು ತಂದು ಕೂರಿಸಿ ಹೋಗುವ ಸೆಟ್ಟು ಬೇಡ ಎಂದು ಹಟ ಹಿಡಿದವರು ಅವರೇ. "ಅವ್ರು ಟಿವಿಗೂ ಫ್ಯಾನಿಗೂ ಕಟ್ತಾರೆ, ಉಸುರಿಗೆ ಕಟ್ಟಲ್ಲ" ಅಂದರು. ಒಂದೊಂದೇ ಸಾಮಾನು ಕೂಡಿಸಿದೆವು. ಇನ್ವರ್ಟರನ್ನು ನಾಲ್ಕು ಅಂಗಡಿ ತಿರುಗಿ ಆರಿಸಿದರು. ಅಗ್ಗದ ಇನ್ವರ್ಟರಿನ ಕರೆಂಟು ಒರಟು, ಅದರಲ್ಲಿ ಮಾವನ ಯಂತ್ರ ಗೊರಗೊರ ಎಂದು ಬಿಸಿಯಾಗುತ್ತದೆ, ಮನೆಗೆ ಬರುವ ಕರೆಂಟಿನ ಹಾಗೇ ನಯವಾಗಿ ಕೊಡುವಂಥದ್ದು ಬೇಕು ಎಂದು ನನಗೆ ತಿಳಿಯುವ ಹಾಗೆ ಹೇಳಿದರು. ಒಂದೇ ಕಂಪನಿಯ, ಒಂದೇ ವಯಸ್ಸಿನ ಎರಡು ಬ್ಯಾಟರಿ. "ಎರಡು ಎತ್ತು ಇದ್ದಂಗೆ. ಒಂದು ಕುಂಟಿದ್ರೆ ಇನ್ನೊಂದೂ ನಿಂತೋಯ್ತದೆ." ಹಳೆಯ ಹಲಗೆಗಳಿಗೆ ಬೇರಿಂಗ್ ಚಕ್ರ ಹಾಕಿ, ಒಂದೊಂದು ಬ್ಯಾಟರಿಗೆ ಒಂದೊಂದು ಪುಟ್ಟ ಗಾಡಿ ಮಾಡಿದರು. ತೊಳೆಯಬೇಕಾದರೆ ಹೆಣ್ಣುಮಗಳು ಒಬ್ಬಳೇ ಎಳೆದುಕೊಳ್ಳಬಹುದು ಎಂದು. ಬ್ಯಾಟರಿಯ ಗ್ಯಾಸು ಹೊರಗೆ ಹೋಗಲು ಗೋಡೆಗೆ ತೂತು ಕೊರೆದರು. ವೈರು ನಾನೇ ಸುಲಿದೆ, ಅದರ ತುದಿಗೆ ತಾಮ್ರದ ಬಳೆ ನಾನೇ ಬಡಿದು ಕೂರಿಸಿದೆ. ತಪ್ಪಾದಾಗ ಬೈದರು, ಬಿಚ್ಚಿಸಿ ಮತ್ತೆ ಮಾಡಿಸಿದರು. "ಬಿಚ್ಚೋವಾಗ ಮೈನಸ್ ಮೊದ್ಲು, ಕಟ್ಟೋವಾಗ ಮೈನಸ್ ಕೊನೇಗೆ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಬಾಯಿಗೆ ಬರ್ಬೇಕು."

ಹತ್ತನೇ ಕ್ಲಾಸು ಫೇಲಾಗಿ ದನ ಮೇಯಿಸಿದವಳು ನಾನು. ನನ್ನ ಕೈಗೆ ಒಂದು ಕೆಲಸ ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಮೇನ್ ಸ್ವಿಚ್ಚು ಇಳಿಸಿ ನೋಡಿದಾಗ, ಮಾವನ ಯಂತ್ರ ಒಂದು ಕ್ಷಣವೂ ತಡವರಿಸದೆ ಓಡುತ್ತಲೇ ಇತ್ತು. ಮಾವ ಟ್ಯೂಬಿನೊಳಗಿಂದಲೇ ನಕ್ಕರು. ತಾತ ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ ಲ್ಯಾಂಪ್ ರೂಮಿಗೆ ನಿನ್ನಂಥೋಳು ಒಬ್ಳು ಇದ್ದಿದ್ರೆ..." ಎಂದರು. ಆ ಹೊತ್ತು ಅವರ ಕೈಯ ವಾಸನೆ ನನಗೆ ಅಸಹ್ಯ ಅನ್ನಿಸಲಿಲ್ಲ. ಇದು ನಿಜ, ಅದಕ್ಕೇ ಬರೆಯುತ್ತಿದ್ದೇನೆ.

ಕರೆಂಟು ಹೋದರೆ ಐದು ಗಂಟೆ ಹೊತ್ತು ಎಳೆಯುತ್ತಿತ್ತು ಸೆಟ್ಟು. ಪ್ರತಿ ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು, ಆಸಿಡ್ಡಿನ ಗಟ್ಟಿತನ ನೋಡುವ ಗಾಜಿನ ಕೊಳವೆ ಹಾಕಿ, ಹನ್ನೆರಡು ತೂತುಗಳನ್ನೂ ಒಂದೊಂದಾಗಿ ನೋಡುತ್ತಿದ್ದೆ. ಎರಡು ಬ್ಯಾಟರಿ ಅದಲುಬದಲಾಗದಿರಲಿ ಎಂದು ನನ್ನ ಮದುವೆಯ ಕಾಲದ ಕೆಂಪು ನೈಲ್ ಪಾಲಿಶ್‌ನಲ್ಲಿ ಒಂದರ ಮೇಲೆ ಒಂದು, ಇನ್ನೊಂದರ ಮೇಲೆ ಎರಡು ಎಂದು ಬರೆದಿದ್ದೆ. ಉಳಿದ ದಿನಗಳಲ್ಲಿ ಅವುಗಳ ಮೇಲೆ ಹಳೆಯ ಪಂಚೆ ಮುಚ್ಚಿರುತ್ತಿದ್ದೆ. ತಾತ ಆಗಾಗ ಬಂದು ಪಂಚೆ ಎತ್ತಿ ನೋಡಿ ಹೋಗುತ್ತಿದ್ದರು. ನಾನು ರೇಷನ್ನಿಗೋ ಆಸ್ಪತ್ರೆಗೋ ಹೋದಾಗಲೂ ಬಂದು ಮಾವನ ಹತ್ತಿರ ಕೂತಿರುತ್ತಿದ್ದರು. ನನಗೆ ಎಷ್ಟು ಧೈರ್ಯವಿತ್ತು ಆಗ...

ಬೇಸಿಗೆಯ ಒಂದು ಬುಧವಾರ. ಊಟವಾಗಿ ನಾನು ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದೆ. ಕರೆಂಟು ಹೋಯಿತು. ಇನ್ವರ್ಟರು ಟಿಕ್ ಎಂದು ಭಾರ ಎತ್ತಿಕೊಂಡದ್ದು ಕೇಳಿಸಿತು, ನಾನು ತಿರುಗಿಯೂ ನೋಡಲಿಲ್ಲ. ಇನ್ನೆರಡು ಪಾತ್ರೆ ತೊಳೆಯುವಷ್ಟರಲ್ಲಿ ಅದು ಕೀ ಕೀ ಎಂದು ಕೂಗಿಕೊಂಡಿತು. ಕೈ ಒರೆಸಿಕೊಂಡು ಬರುವುದರೊಳಗೆ ಯಂತ್ರ ನಿಂತಿತು.

ಐದು ಗಂಟೆ ಓಡಬೇಕಾದದ್ದು ಐದು ನಿಮಿಷ ಓಡಿರಲಿಲ್ಲ.

ಪಂಚೆ ಕಿತ್ತೆಸೆದು ಕೊಳವೆ ಹಾಕಿದೆ. ಒಂದನೇ ಬ್ಯಾಟರಿಯಲ್ಲಿ ಕೊಳವೆಯೊಳಗಿನ ಬೆಂಡು ನೆಟ್ಟಗೆ ತೇಲಿತು. ಎರಡನೆಯದರಲ್ಲಿ ಕಲ್ಲಿನ ಹಾಗೆ ತಳಕ್ಕೆ ಹೋಯಿತು. ಸತ್ತ ಬ್ಯಾಟರಿ. ಹೋದ ಶುಕ್ರವಾರ ತುಂಬಿ ತುಳುಕುತ್ತಿದ್ದದ್ದು ಐದು ದಿನಕ್ಕೆ ಹೀಗೆ ಹೇಗೆ ಸಾಯಿತು? ನನ್ನ ಬೆನ್ನ ಹಿಂದೆ ಮಾವನ ಎದೆಯಿಂದ ಗರಗಸ ಎಳೆದಂಥ ಸದ್ದು ಶುರುವಾಗಿತ್ತು. ಆಪತ್ತಿಗೆ ನನಗೆ ಗೊತ್ತಿದ್ದವರು ಒಬ್ಬರೇ. "ತಾತಾ" ಎಂದು ಕೂಗುತ್ತಾ ಪಕ್ಕದ ಮನೆಗೆ ಓಡಿದೆ.

ಲೈನಿಗೆಲ್ಲ ಕರೆಂಟಿಲ್ಲ. ಅವರ ಮನೆಯೊಳಗೆ ಟಿವಿ ಹಾಡುತ್ತಿತ್ತು.

ತಲೆಯ ಮೇಲೆ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಮಗಳೂ ಅಳಿಯನೂ ತಮಿಳುನಾಡಿನಿಂದ ಬಂದಿದ್ದರು. ಮಗಳು ತಾಯಿಯ ಜೊತೆ ಅಡಿಗೆಮನೆಯಲ್ಲಿದ್ದಳು. ಬನಿಯನ್ನಿನಲ್ಲಿ ಮಂಚದ ಮೇಲೆ ಕೂತ ಅಳಿಯನ ಮುಂದೆ ಮೂಳೆ ತುಂಬಿದ ತಟ್ಟೆ. ನೆಲದ ಮೇಲೆ ತಾತ. ಬಾಗಿಲ ಸಂದಿಯಲ್ಲಿ, ಬೇರಿಂಗ್ ಗಾಡಿಯ ಮೇಲೆ, ಒಂದು ಬ್ಯಾಟರಿ. ಅದರ ಮೇಲೆ ನನ್ನ ಕೈಬರಹದ ಕೆಂಪು ಎರಡು.

"ತಾತ, ಇದು ನಮ್ದು" ಎಂದೆ.

ಅವರು ಎದ್ದರು. "ಅಮ್ಮಾಯಿ... ಕೂತ್ಕೋ, ಎಲ್ಲಾ ಏಳ್ತೀನಿ..."

"ಮಾವನ್ಗೆ ಉಸುರು ಆಡ್ತಿಲ್ಲ ತಾತ!"

"ಈ ವಾರ ಒಂದ್ಸತೀನೂ ಕರೆಂಟು ಓಗಿರ್ಲಿಲ್ವಲ್ಲಮ್ಮ. ಓಗಲ್ಲ ಅಂದ್ಕೊಂಡೆ. ನಾಳೆ ತಂದಿಟ್ಬಿಡ್ತಿದ್ದೆ. ಅಳಿಯ ಬಂದವ್ನೆ, ಸೆಕೆ... ನಮ್ ಬ್ಯಾಟ್ರಿ ಸತ್ತೋಗೈತೆ..."

ಆಗ ನನಗೆ ಉತ್ತರ ಕೊಡಲು ಹೊತ್ತಿರಲಿಲ್ಲ. ಆಮೇಲೆ ಎಷ್ಟೋ ಸಲ ಮನಸ್ಸಿನಲ್ಲೇ ಕೇಳಿದ್ದೇನೆ. ಕರೆಂಟು ಹೋಗುವುದಿಲ್ಲ ಎಂದಾದರೆ ಅವರಿಗೆ ಬ್ಯಾಟರಿ ಯಾತಕ್ಕೆ? ಹೋಗುತ್ತದೆ ಎಂದು ಗೊತ್ತಿದ್ದೇ ತಂದದ್ದು. ಹೋದಾಗ ತನ್ನ ಅಳಿಯನ ತಲೆಯ ಮೇಲೆ ಫ್ಯಾನು ತಿರುಗಬೇಕು ಎಂದು. ಆಗ ಪಕ್ಕದ ಮನೆಯಲ್ಲಿ ಏನಾಗುತ್ತದೆಂದು ಬ್ಯಾಟರಿ ಬಲ್ಲ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇಡೀ ಊರಿಗಾಂನಲ್ಲಿ ಯಾರಿದ್ದರು?

ಅವರದೇ ಸ್ಪ್ಯಾನರು ಕಿಟಕಿಯ ಮೇಲಿತ್ತು. ಮೈನಸ್ ಮೊದಲು ಬಿಚ್ಚಿದೆ. ಫ್ಯಾನು ನಿಧಾನವಾಯಿತು, ಟಿವಿ ಕಪ್ಪಾಯಿತು. ಅಳಿಯ ಎಂಜಲು ಕೈಯಲ್ಲೇ, "ಏನ್ ಮಾವ, ಯಾರಿದು?" ಎಂದ. ಆ ಮನೆಯಲ್ಲಿ ಯಾರೂ ಕೈ ಹಾಕಲಿಲ್ಲ. ಗಾಡಿಯನ್ನು ದರದರ ಎಳೆದುಕೊಂಡು ಹೊರಟೆ. ಚರಂಡಿಯ ಚಪ್ಪಡಿಯ ಸಂದಿಗೆ ಚಕ್ರ ಸಿಕ್ಕಿಕೊಂಡಿತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಬಿಂದಿಗೆ ಬಿಸಾಕಿ ಬಂದು ಇನ್ನೊಂದು ಬದಿ ಎತ್ತಿಕೊಟ್ಟಳು.

ಒಳಗೆ ಮಾವನ ತುಟಿ ನೇರಳೆಹಣ್ಣು ತಿಂದವರ ಹಾಗಾಗಿತ್ತು. ಅವಸರಕ್ಕೆ ನಟ್ಟು ಕೂರುತ್ತಿರಲಿಲ್ಲ. ಹಿಂದೆಯೇ ಬಂದಿದ್ದ ತಾತ ಕೈ ಚಾಚಿ, "ಬಿಡಮ್ಮ, ನಾನ್ ಕಟ್ಕೊಡ್ತೀನಿ" ಎಂದರು. ಆ ಕೈ ನನ್ನ ಕೈಗೆ ತಗುಲಿತು. ತಣ್ಣಗೆ, ತೇವವಾಗಿ, ಮಾಂಸದ ಸಾರಿನ ವಾಸನೆಯ ಮೇಲೆ ಬ್ಯಾಟರಿಯ ವಾಸನೆ. "ಮುಟ್ಬೇಡಿ!" ಎಂದು ಕಿರುಚಿದೆ. ಅವರು ಬಾಗಿಲವರೆಗೂ ಹಿಂದೆ ಸರಿದರು.

ಯಂತ್ರ ಕೀ ಎಂದು ಎದ್ದು ಓಡತೊಡಗಿತು. ಸ್ವಲ್ಪ ಹೊತ್ತಾದ ಮೇಲೆ ಮಾವ ಕಣ್ಣು ಬಿಟ್ಟರು. ಬಾಗಿಲಲ್ಲಿ ನಿಂತ ಗೆಳೆಯನನ್ನು ನೋಡಿ, ಗೋಡೆಯ ಕಡೆ ಮುಖ ತಿರುಗಿಸಿದರು. ಸುಸ್ತು ಎಂದುಕೊಂಡೆ ನಾನು.

ಎಲ್ಲ ತಣ್ಣಗಾದ ಮೇಲೆ, ಅವರು ನಮ್ಮದರ ಜಾಗದಲ್ಲಿಟ್ಟಿದ್ದ ಆ ಸತ್ತ ಬ್ಯಾಟರಿಯನ್ನು ಬೆಳಕಿಗೆ ಎಳೆದು ನೋಡಿದೆ. ನಮ್ಮದೇ ಕಂಪನಿಯದು, ಹಳೆಯದು. ಅದರ ಮೇಲೂ ಎರಡು ಎಂದು ಬರೆದಿತ್ತು. ನನ್ನ ಹಾಗೇ ಬಾಲ ಎಳೆದು ಬರೆದಿತ್ತು, ಬಣ್ಣ ಮಾತ್ರ ಗುಲಾಬಿ. ಅವರ ಹೆಂಡತಿಯೋ ಮಗಳೋ ಹಚ್ಚಿಕೊಳ್ಳುವ ಪಾಲಿಶ್ ಇರಬೇಕು. ಮುಚ್ಚಳದ ಪಕ್ಕ ಕಡ್ಡಿಪುಡಿಯ ಕಂದು ಹನಿಯೊಂದು ಬಿದ್ದು ಒಣಗಿತ್ತು. ಅವರು ಬಗ್ಗಿಕೊಂಡು, ನಾಲಿಗೆ ಕಚ್ಚಿಕೊಂಡು, ನನ್ನ ಅಂಕಿ ನೋಡಿ ನೋಡಿ ತಿದ್ದಿ ಬರೆಯುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ನಾನು ಹೊರಗೆ ಹೋಗಿ ಚರಂಡಿಯ ಹತ್ತಿರ ಕೂತು ತಿಂದದ್ದನ್ನೆಲ್ಲ ಕಾರಿಕೊಂಡೆ.

ಸಂಜೆ ಗಂಡ ಬಂದ ಮೇಲೆ ಹೇಳಿದೆ. ಜಗಳಕ್ಕೆ ಹೋಗುತ್ತಾರೆ ಎಂದುಕೊಂಡಿದ್ದೆ. ಶೂ ಬಿಚ್ಚುತ್ತಾ, "ಅಪ್ಪನ್ಗೇನೂ ಆಗ್ಲಿಲ್ವಲ್ಲ. ಪಕ್ಕದ್ ಮನೆ, ದೊಡ್ಡೋರು. ಬಿಟ್ಬಿಡು" ಎಂದರು. ಸತ್ತ ಬ್ಯಾಟರಿಯನ್ನು ತಾವೇ ಎಳೆದುಕೊಂಡು ಹೋಗಿ ಅವರ ಮನೆಯ ಮುಂದೆ ಬಿಟ್ಟು ಬಂದರು. ಅಲ್ಲಿ ಕಾಫಿ ಕುಡಿದು ಬಂದರು ಎಂದು ಆಮೇಲೆ ಗೊತ್ತಾಯಿತು.

ನಾಲ್ಕು ದಿನ ಕಳೆದ ಮೇಲೆ ಒಂದು ಬೆಳಗ್ಗೆ ಮಾವನಿಗೆ ರಾಗಿ ಗಂಜಿ ಕುಡಿಸುತ್ತಿದ್ದೆ. ಅವರಿಗೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರು ಬೇಕಾಗಿತ್ತು.

"ಅವ್ನು ತಗೊಂಡೋಗಿದ್ದು... ಇದೇ ಮೊದ್ಲಲ್ಲಮ್ಮ" ಎಂದರು. "ಮೂರ್ನೇ ಸತಿ. ಅಳಿಯ ಬಂದಾಗೆಲ್ಲ... ನೀನು ಆಚೆ ಓದಾಗ. ಶುಕ್ರವಾರದೊಳ್ಗೆ ತಂದಿಡ್ತಿದ್ದ."

ಚಮಚ ನನ್ನ ಕೈಯಲ್ಲೇ ನಿಂತಿತು. "ನೀವು ನೋಡಿದ್ರಾ?"

"ಕಣ್ಮುಂದೆ ತಾನೇ ಎಳ್ಕೊಂಡೋಗಿದ್ದು."

"ನೋಡಿ ನನಗ್ಯಾಕೆ ಏಳ್ಲಿಲ್ಲ ಮಾವ? ನಿಮ್ ಉಸುರು ಅದು!"

ಮಾವ ಮೂಗಿನ ಟ್ಯೂಬು ಸರಿಮಾಡಿಕೊಂಡರು. "ಎಂಗಮ್ಮ ಏಳೋದು... ದಿನಾ ನನಗೇಂತ ಒಂದು ಒಳ್ಳೆ ಲ್ಯಾಂಪು ಎತ್ತಿಕ್ಕಿರ್ತಿದ್ದ. ಅಷ್ಟು ವರ್ಷದಾಗೆ ಒಂದಿನಾನೂ ಗುಂಡೀಲಿ ನನ್ ಲ್ಯಾಂಪು ಆರಿಲ್ಲ. ಆ ದಾಕ್ಷಿಣ್ಯ..."

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನನ್ನಜ್ಜಿ ಹೇಳುತ್ತಿದ್ದಳು. ಮೂರು ಸಲ ತನ್ನ ಉಸಿರನ್ನು ಬೇರಿಂಗ್ ಗಾಡಿಯ ಮೇಲೆ ಎಳೆದುಕೊಂಡು ಹೋಗುವುದನ್ನು ಮಲಗಿದ್ದಲ್ಲೇ ನೋಡಿದ್ದರು ಈ ಮನುಷ್ಯ, ದಾಕ್ಷಿಣ್ಯಕ್ಕೆ. ಮೊರ ಬೀಸಿ ತೋಳು ಬಿದ್ದುಹೋದವಳ ಬಗ್ಗೆ ಯಾರಿಗೂ ದಾಕ್ಷಿಣ್ಯವಿರಲಿಲ್ಲ. ಆಗ ನನ್ನ ಬಾಯಿಂದ ಒಂದು ಮಾತು ಬಂತು.

"ನಿಮಗೆ ಒಳ್ಳೇದು ಎತ್ತಿಟ್ರೆ ಕೆಟ್ಟ ಲ್ಯಾಂಪು ಯಾರಿಗೆ ಓಗ್ತಿತ್ತು ಮಾವ?"

ಅವರು ನನ್ನ ಮುಖ ನೋಡಿದರು. ಗಂಜಿ ಸಾಕು ಎಂದು ಕೈ ಅಡ್ಡ ಮಾಡಿದರು. ಯಂತ್ರ ಓಡುತ್ತಲೇ ಇತ್ತು. ಕತ್ತಲೆಯ ಗುಂಡಿಯಲ್ಲಿ, ನಡುದಾರಿಯಲ್ಲಿ ದೀಪ ಆರಿಹೋಗಿ ಗೋಡೆ ತಡವಿಕೊಂಡು ನಿಂತ ಯಾರೋ ಒಬ್ಬರು ಇದ್ದೇ ಇದ್ದಿರಬೇಕು. ಅವರ ಹೆಸರು ಇವರಿಬ್ಬರಿಗೂ ಗೊತ್ತಿದ್ದಿರಬೇಕು. ಈಗ ಆ ಜಾಗದಲ್ಲಿ ನಾವು ನಿಂತಿದ್ದೆವು, ಅಷ್ಟೇ.

ಅವತ್ತಿನಿಂದ ಬ್ಯಾಟರಿಯ ಸುತ್ತ ಸರಪಳಿ ಹಾಕಿ ಬೀಗ ಜಡಿದೆ. ತಾತನನ್ನು ಹೊಸಿಲು ದಾಟಲು ಬಿಡಲಿಲ್ಲ. ಅವರ ದನಿ ಹೊರಗೆ ಕೇಳಿದರೂ ಮೈ ಜುಮ್ಮೆನ್ನುತ್ತಿತ್ತು. ಮುಂದಿನ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಮಾವ ಹೋದರು. ಕರೆಂಟು ಇತ್ತು, ಯಂತ್ರ ಓಡುತ್ತಿತ್ತು, ದೂಳು ಮಾತ್ರ ಗೆದ್ದಿತ್ತು. ತಾತ ಬೆಳಗ್ಗೆಯಿಂದ ನಲ್ಲಿಯ ಹತ್ತಿರ ನಿಂತೇ ಇದ್ದರು. ನಾನು ಕರೆಯಲಿಲ್ಲ, ಗಂಡ ಕರೆದರು. ಬಾಯಿಗೆ ಅಕ್ಕಿ ಹಾಕುವಾಗ ಆ ಕೈ ಮಾವನ ತುಟಿಯ ಮೇಲೆ ಬಂತು. ಆ ಉಗುರು, ಆ ಬೆರಳು... ತಾತ ಅಳುತ್ತಿದ್ದರು. ನಿಜವಾಗಿಯೇ ಅಳುತ್ತಿದ್ದರು. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ. ಕಳ್ಳನೊಬ್ಬ ಕಳ್ಳನ ಹಾಗೆ ಕಾಣಿಸಿಕೊಂಡರೆ ಸಹಿಸಬಹುದು.

ಯಂತ್ರವನ್ನು ಇನ್ನೊಂದು ಮನೆಗೆ ಕೊಟ್ಟೆವು. ಅವರ ಮನೆಗೂ ಬ್ಯಾಟರಿ ಬೇಕಾಗಿತ್ತು, ನಾನೇ ಕಟ್ಟಿಕೊಟ್ಟೆ. ಅಲ್ಲಿಂದ ಇನ್ನೊಂದು ಮನೆ. ಲೈನುಗಳಲ್ಲಿ ದೂಳಿನ ಎದೆಗಳಿಗೇನು ಬರವೇ? ಹೀಗೆ ಅದೇ ನನ್ನ ಕೆಲಸವಾಯಿತು.

ಎರಡು ವರ್ಷದ ಮೇಲೆ ತಾತನ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. "ಅವ್ರಿಗೂ ಉಸುರು ಎಳೀತದಮ್ಮ. ಡಾಕ್ಟ್ರು ಅದೇ ಮಿಷನ್ ಬರ್ದವ್ರೆ. ನಿನ್ನ ಕೇಳ್ಬೇಡ ಅಂದ್ರು ಅವ್ರು. ನಾನೇ ಬಂದೆ" ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಹೋಗಬಾರದು ಎಂದು ಒಂದು ದಿನವೆಲ್ಲ ಇದ್ದೆ. ಅಳಿಯ ಬಂದು ಕಟ್ಟಿಕೊಡಲಿ ಎಂದುಕೊಂಡೆ. ಮಾರನೇ ದಿನ ಸಾಮಾನಿನ ಚೀಲ ಹಿಡಿದು ಹೋದೆ. ಮನಸ್ಸು ಕರಗಿ ಹೋದದ್ದಲ್ಲ. ಮೀನಿನ ಹಾಗೆ ಬಾಯಿ ತೆರೆಯುವುದನ್ನು ಒಂದು ಸಲ ನೋಡಿದವಳು, ಇನ್ನೊಂದು ಸಲ ಗೋಡೆಯಾಚೆ ಅದೇ ಸದ್ದು ಕೇಳಿಕೊಂಡು ಅನ್ನ ತಿನ್ನಲಾರೆ.

ತಾತ ಅದೇ ಮಂಚದ ಮೇಲೆ, ಮೂಳೆಯ ಗೂಡಾಗಿ ಮಲಗಿದ್ದರು. ಪಕ್ಕದಲ್ಲಿ ಉಗುಳುವ ಡಬ್ಬಿ, ಅದರ ಸುತ್ತ ನೊಣ. ನಾನು ಉಸಿರು ಬಿಗಿಹಿಡಿದು ಕೆಲಸ ಶುರು ಮಾಡಿದೆ. ಹೊಸ ಬ್ಯಾಟರಿ ಎರಡು, ಗಾಡಿ ಎರಡು, ಗೋಡೆಗೆ ತೂತು. ಅವರ ಕಣ್ಣು ನನ್ನ ಕೈಯನ್ನು ಬಿಟ್ಟು ಕದಲಲಿಲ್ಲ. ಕೊನೆಯ ಮೈನಸ್ ಕಟ್ಟಿ ಸ್ಪ್ಯಾನರು ಕೆಳಗಿಟ್ಟೆ.

"ಇನ್ನೊಂದು... ಅರ್ಧ ಸುತ್ತು" ಎಂದಿತು ಮಂಚದ ಮೇಲಿನ ದನಿ.

ತಿರುಗಿಸಿ ನೋಡಿದೆ. ಸರಿಯಾಗಿ ಅರ್ಧ ಸುತ್ತು ಬಿಗಿಯಿತು.

"ಅಮ್ಮಾಯಿ" ಎಂದು ಮತ್ತೆ ಶುರು ಮಾಡಿದರು. ಅವರು ಏನು ಹೇಳಲು ಹೊರಟಿದ್ದರೋ ಗೊತ್ತಿಲ್ಲ. ತಪ್ಪಾಯಿತು ಎನ್ನುತ್ತಿದ್ದರೋ, ಇನ್ನೊಂದು ನಟ್ಟು ಸಡಿಲ ಇದೆ ಎನ್ನುತ್ತಿದ್ದರೋ. "ವೈರು ಬಿಸಿ ಆದ್ರೆ ಕರೀರಿ ಅಜ್ಜಿ" ಎಂದು ಅವರ ಹೆಂಡತಿಗೆ ಹೇಳಿ ಚೀಲ ಎತ್ತಿಕೊಂಡು ಬಂದುಬಿಟ್ಟೆ. ಆಮೇಲೆ ಪ್ರತಿ ಶುಕ್ರವಾರ ಹೋಗಿ ಕೊಳವೆ ಹಾಕಿ ನೋಡಿ ಬರುತ್ತಿದ್ದೆ. ಆಗಲೂ ಮಾತಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಸತ್ತರು. ಅವತ್ತು ಎರಡೂ ಬ್ಯಾಟರಿ ತುಂಬಿದ್ದವು. ಅಷ್ಟು ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ. ಅಕ್ಕಿ ಹಾಕಲು ನಾನು ಹೋಗಲಿಲ್ಲ.

ಈಗ ನಾವು ಬಂಗಾರಪೇಟೆಯಲ್ಲಿದ್ದೇವೆ. ಈಚೆಗೆ ನೀರು ಹಾಕುವ ಕೆಲಸವೇ ಇಲ್ಲದ, ವಾಸನೆಯೇ ಇಲ್ಲದ, ಇಟ್ಟಿಗೆಯಷ್ಟೇ ಗಾತ್ರದ ಹಗುರ ಬ್ಯಾಟರಿಗಳು ಬರುತ್ತಿವೆ. ಮೊದಲ ಸಲ ಒಂದನ್ನು ಕೈಯಲ್ಲಿ ಹಿಡಿದಾಗ, ಇದನ್ನು ತೋರಿಸಿದರೆ ಏನನ್ನುತ್ತಿದ್ದರೋ ಎಂದು ಅನ್ನಿಸಿಬಿಟ್ಟಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಕೆಲವು ಸಲ ಒಂದು ಬ್ಯಾಟರಿ ಯಾಕೆ ಹೀಗೆ ಆಡುತ್ತಿದೆ ಎಂದು ತಿಳಿಯದೆ ತಲೆ ಕೆಟ್ಟು ಕೂತಾಗ, ಕೇಳಲು ಇಡೀ ಸೀಮೆಯಲ್ಲಿ ಒಬ್ಬರೂ ಇಲ್ಲ. ಅವರ ಅಂಗಿಯ ತೂತುಗಳಷ್ಟೂ ಒಂದೊಂದು ಪಾಠವಾಗಿದ್ದವು. ಅರ್ಧವನ್ನೂ ನಾನು ಕಲಿತಿರಲಿಲ್ಲ.

ಯಾರು ಕಲಿಸಿದರು ಎಂದು ಗಿರಾಕಿಗಳು ಕೇಳುತ್ತಾರೆ. ಹೆಂಗಸು ಈ ಕೆಲಸ ಮಾಡುವುದು ಅವರಿಗೆ ಸೋಜಿಗ. ಇಷ್ಟು ವರ್ಷ ನಾನು "ನಾನೇ ಕಲ್ತೆ" ಎಂದೇ ಹೇಳುತ್ತಾ ಬಂದೆ. ಅದು ಒಬ್ಬರ ಸೊತ್ತನ್ನು ಎಳೆದುಕೊಂಡು ಬಂದು ಅದರ ಮೇಲೆ ನನ್ನ ಬರಹ ಬರೆದುಕೊಂಡಂತೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ನಿನ್ನೆ ಕೆಲಸ ಮುಗಿಸಿ ಮಾರಿಕುಪ್ಪಂನಿಂದ ಟ್ರೈನಿನಲ್ಲಿ ಬರುತ್ತಿದ್ದೆ. ಎದುರಿಗೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ನನ್ನ ಸಾಮಾನಿನ ಚೀಲ ನೋಡಿ ಅದನ್ನೇ ಕೇಳಿದಳು. ಬಾಯಿಗೆ ಬಂದ ಹಳೆಯ ಉತ್ತರವನ್ನು ನುಂಗಿಕೊಂಡೆ.

"ನಮ್ ಪಕ್ಕದ್ ಮನೇಲಿ ಒಬ್ರಿದ್ರು. ಮೈನ್ಸ್‌ನೋರು. ಅವ್ರು ಕಲಿಸಿದ್ದು" ಎಂದೆ. "ಈಗಿಲ್ಲ."

"ಅಯ್ಯೋ ಪಾಪ. ಒಳ್ಳೆಯೋರಾ?" ಎಂದಳು ಆಕೆ.

ಕಿಟಕಿ ಕಡೆ ನೋಡಿದೆ.

"ಕೆಲ್ಸ ಚೆನ್ನಾಗಿ ಗೊತ್ತಿತ್ತು" ಎಂದೆ.